ಎಪ್ಪತ್ತರ ಕೊರಳು, ಏಳರ ಉಪ್ಪು



ಒಂದು ಕಡೆ ಡೆನ್ಮಾರ್ಕಿನ ಜಟ್‌ಲೆಂಡ್, ಇನ್ನೊಂದು ಕಡೆ ಅಟ್ಲಾಂಟಿಕ್ ಸಾಗರದ ನಡುವಿನ ಐಸ್‌ಲೆಂಡ್. ಎರಡೂ ಕಡೆಯವರು ಉತ್ತರ ಯುರೋಪಿನ ಜನ, ನೋಡಲು ದಾಯಾದಿಗಳಂತೆಯೇ ಇರುತ್ತಾರೆ. ಆದರೆ ಊಟದಲ್ಲಿ ಒಂದು ದೊಡ್ಡ ವ್ಯತ್ಯಾಸವಿತ್ತು. ಐಸ್‌ಲೆಂಡಿನವರ ತಟ್ಟೆಯಲ್ಲಿ ಕಡಲ ಮೀನು ಧಾರಾಳ. ಅಲ್ಲಿಯ ಹಸುಗಳಿಗೂ ಮೀನಿನ ಹಿಂಡಿ ತಿನ್ನಿಸುತ್ತಿದ್ದರು, ಹಾಗಾಗಿ ಹಾಲಿನಲ್ಲೂ ಅಯೋಡಿನ್ ಇರುತ್ತಿತ್ತು. ಜಟ್‌ಲೆಂಡಿನ ನೀರು, ಮಣ್ಣು, ಬ್ರೆಡ್ಡು, ಯಾವುದರಲ್ಲೂ ಅದು ಸಾಕಷ್ಟಿರಲಿಲ್ಲ. ಸರ್ಕಾರ ಉಪ್ಪಿಗೆ ಅಯೋಡಿನ್ ಸೇರಿಸಲು ಅನುಮತಿಯನ್ನೇ ಕೊಟ್ಟಿರಲಿಲ್ಲ. ಪೀಟರ್ ಲಾರ್ಬರ್ಗ್ ಎಂಬ ವೈದ್ಯ ಮತ್ತು ಸಂಗಡಿಗರು ಎರಡೂ ಕಡೆಯ ಎಪ್ಪತ್ತರ ಆಸುಪಾಸಿನ ಸಾಮಾನ್ಯ ಜನರನ್ನು ಆರಿಸಿ ರಕ್ತ, ಮೂತ್ರ ಪರೀಕ್ಷೆ ಮಾಡಿದರು. ಅವರು ಆಸ್ಪತ್ರೆಗೆ ಬಂದ ರೋಗಿಗಳಲ್ಲ, ತಮ್ಮ ಪಾಡಿಗೆ ಮನೆಯಲ್ಲಿದ್ದವರು. ಫಲಿತಾಂಶ ಪ್ರಕಟವಾದದ್ದು 1998ರಲ್ಲಿ.

ಮೂತ್ರದಲ್ಲಿ ಲೀಟರಿಗೆ ಅಯೋಡಿನ್ ಜಟ್‌ಲೆಂಡಿನಲ್ಲಿ 38 ಮೈಕ್ರೋಗ್ರಾಂ, ಐಸ್‌ಲೆಂಡಿನಲ್ಲಿ 150. ನಾವು ತಿಂದ ಅಯೋಡಿನ್ನಿನ ಬಹುಪಾಲು ಮೂತ್ರದಲ್ಲೇ ಹೊರಹೋಗುವುದರಿಂದ ಊಟದ ಲೆಕ್ಕ ಹಿಡಿಯಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಇನ್ನು ಥೈರಾಯ್ಡ್: ಅಯೋಡಿನ್ ಕಡಿಮೆಯಿದ್ದ ಜಟ್‌ಲೆಂಡಿನಲ್ಲಿ ನೂರಕ್ಕೆ ಸುಮಾರು ಹತ್ತು ಹಿರಿಯರ ಗ್ರಂಥಿ ಮಿತಿಮೀರಿ ಕೆಲಸ ಮಾಡುತ್ತಿತ್ತು, ಇಲ್ಲವೆ ಅದರ ಅಂಚಿಗೆ ಬಂದಿತ್ತು. ಐಸ್‌ಲೆಂಡಿನಲ್ಲಿ ಅಂಥವರು ನೂರಕ್ಕೆ ಒಬ್ಬರು. ಗ್ರಂಥಿ ಮಂದವಾಗಿದ್ದವರು ಐಸ್‌ಲೆಂಡಿನಲ್ಲಿ ನೂರಕ್ಕೆ ಹದಿನೆಂಟು ಮಂದಿ, ಜಟ್‌ಲೆಂಡಿನಲ್ಲಿ ನಾಲ್ಕಕ್ಕೂ ಕಡಿಮೆ.

ಇದನ್ನು ಇನ್ನೊಮ್ಮೆ ಹೇಳುತ್ತೇನೆ, ಏಕೆಂದರೆ ಕೇಳಿದ ಕೂಡಲೇ ತಲೆಕೆಳಗಾಗಿ ಕೇಳಿಸುತ್ತದೆ. ಅಯೋಡಿನ್ ಕೊರತೆಯಿದ್ದ ಊರಿನ ಮುದುಕರಿಗೆ ಹಾರ್ಮೋನು ಹೆಚ್ಚು, ಅಯೋಡಿನ್ ಸಮೃದ್ಧವಾಗಿದ್ದ ಊರಿನ ಮುದುಕರಿಗೆ ಹಾರ್ಮೋನು ಕಡಿಮೆ. ಶಾಲೆಯಲ್ಲಿ ನಾವು ಕಲಿತದ್ದು ಇದರ ವಿರುದ್ಧ: ಅಯೋಡಿನ್ ಇಲ್ಲದಿದ್ದರೆ ಹಾರ್ಮೋನು ಕುಗ್ಗುತ್ತದೆ, ಗಳಗಂಡ ಬರುತ್ತದೆ. ಮಕ್ಕಳ ಮಟ್ಟಿಗೆ, ಗರ್ಭಿಣಿಯರ ಮಟ್ಟಿಗೆ ಅದು ಸರಿಯೇ. ವಯಸ್ಸಾದಂತೆ ಕಥೆ ತಿರುಗುತ್ತದೆ. ಹೇಗೆ ತಿರುಗುತ್ತದೆ, ಅದರಿಂದ ಈ ಸಭಾಂಗಣದಲ್ಲಿ ಕೂತ ಹಿರಿಯರಿಗೆ ಏನು ಎಂಬುದೇ ಇವತ್ತಿನ ನನ್ನ ವಿಷಯ.

ಮೊದಲು ಗ್ರಂಥಿಯ ಕೆಲಸ. ಕೊರಳಿನ ಮುಂದೆ, ಗಂಟಲಗಡ್ಡೆಯ ಕೆಳಗೆ, ಇಪ್ಪತ್ತು ಗ್ರಾಂ ತೂಗುವ ಥೈರಾಯ್ಡ್ ರಕ್ತದಲ್ಲಿ ಹರಿಯುವ ಅಯೋಡಿನ್ನನ್ನು ಹಿಡಿದು ತನ್ನೊಳಗೆ ಕೂಡಿಡುತ್ತದೆ. ನಮ್ಮ ಇಡೀ ಮೈಯಲ್ಲಿರುವ ಅಯೋಡಿನ್ ಇಪ್ಪತ್ತು ಮಿಲಿಗ್ರಾಮಿನೊಳಗೆ. ಅದರ ಮುಕ್ಕಾಲು ಪಾಲು ಈ ಪುಟ್ಟ ಅಂಗದಲ್ಲಿ. ನಾಲ್ಕು ಅಯೋಡಿನ್ ಪರಮಾಣು ಕೂಡಿದರೆ ಥೈರಾಕ್ಸಿನ್, ಲ್ಯಾಬಿನವರು ಟಿ-4 ಎಂದು ಬರೆಯುವುದು ಅದನ್ನೇ. ಮೂರು ಕೂಡಿದರೆ ಟಿ-3. ಕೆಲಸ ಸರಿಯಾಗಿ ನಡೆಯುತ್ತಿದೆಯೋ ಎಂದು ನೋಡಿಕೊಳ್ಳುವುದು ಮಿದುಳಿನ ಬುಡದಲ್ಲಿರುವ ಪಿಟ್ಯೂಟರಿ. ಅದು ಕಟ್ಟಡದ ಮೇಸ್ತ್ರಿಯಿದ್ದ ಹಾಗೆ: ಕೆಲಸ ಕುಂಟಿದರೆ ಕೂಗು ಜೋರಾಗುತ್ತದೆ, ಹೆಚ್ಚಾದರೆ ಬಾಯಿ ಮುಚ್ಚುತ್ತದೆ. ಆ ಕೂಗಿನ ಹೆಸರು ಟಿಎಸ್‌ಎಚ್. ಆದ್ದರಿಂದ ರಿಪೋರ್ಟಿನಲ್ಲಿ ಟಿಎಸ್‌ಎಚ್ ಹೆಚ್ಚಿದ್ದರೆ ಗ್ರಂಥಿ ಮಂದ, ಕಡಿಮೆಯಿದ್ದರೆ ಗ್ರಂಥಿ ಚುರುಕು. ಥೈರಾಯ್ಡ್ ಹೆಚ್ಚಾಗಿದೆ ಎಂದು ಹೇಳಿಕೊಂಡು ಬರುವವರಲ್ಲಿ ಅರ್ಧಕ್ಕರ್ಧ ಜನರಿಗೆ ಹೆಚ್ಚಾಗಿರುವುದು ಟಿಎಸ್‌ಎಚ್, ಅಂದರೆ ಥೈರಾಯ್ಡ್ ಕಡಿಮೆಯಾಗಿದೆ. ಈ ಗೊಂದಲದಿಂದಲೇ ಮನೆಗಳಲ್ಲಿ ಎಷ್ಟೋ ಪಥ್ಯಗಳು ಹುಟ್ಟಿಕೊಂಡಿವೆ.

ಊಟದಲ್ಲಿ ಅಯೋಡಿನ್ ಕಡಿಮೆಯಿರುವ ಊರಿನಲ್ಲಿ ಒಂದು ಮಗು ಹುಟ್ಟಿತೆನ್ನಿ. ಗ್ರಂಥಿ ಸಿಕ್ಕಿದ್ದನ್ನೆಲ್ಲ ಹಿಡಿಯಲು ಜೀವಕಣಗಳನ್ನು ಹೆಚ್ಚಿಸಿಕೊಳ್ಳುತ್ತದೆ, ಊದುತ್ತದೆ. ಇಪ್ಪತ್ತು, ಮೂವತ್ತು ವರ್ಷ ಹೀಗೇ ನಡೆದರೆ ನುಣ್ಣಗಿದ್ದ ಊತದಲ್ಲಿ ಗಂಟುಗಳೇಳುತ್ತವೆ. ಕಣಗಳು ಮತ್ತೆ ಮತ್ತೆ ಒಡೆದು ಬೆಳೆಯುವಾಗ ಕೆಲವಲ್ಲಿ ವಂಶವಾಹಿಯ ಬದಲಾವಣೆಗಳಾಗಿ, ಅವು ಮೇಸ್ತ್ರಿಯ ಮಾತು ಕೇಳುವುದನ್ನೇ ಬಿಡುತ್ತವೆ. ಟಿಎಸ್‌ಎಚ್ ಇರಲಿ ಬಿಡಲಿ, ಅಂಥ ಗಂಟು ತನ್ನ ಪಾಡಿಗೆ ಹಾರ್ಮೋನು ಸುರಿಸುತ್ತದೆ. ದಕ್ಷಿಣ ಇಟಲಿಯ ಪೆಸ್ಕೊಪಗಾನೊ ಎಂಬ ಬೆಟ್ಟದೂರಿನಲ್ಲಿ 1990ರ ದಶಕದಲ್ಲಿ ಹೆಚ್ಚುಕಡಿಮೆ ಇಡೀ ಊರನ್ನೇ ಪರೀಕ್ಷಿಸಿದರು. ಮಕ್ಕಳಲ್ಲಿ ನೂರಕ್ಕೆ ಹದಿನಾರು ಮಂದಿಗೆ ಗಳಗಂಡ. 56ರಿಂದ 65ರ ವಯಸ್ಸಿನವರಲ್ಲಿ ನೂರಕ್ಕೆ ಅರವತ್ತು. ಸ್ವತಂತ್ರವಾಗಿ ಹಾರ್ಮೋನು ಸುರಿಸುವ ಗಂಟುಗಳೂ ವಯಸ್ಸಿನೊಂದಿಗೇ ಏರಿದ್ದವು. ಜಟ್‌ಲೆಂಡಿನ ಲೆಕ್ಕ ಇಲ್ಲಿ ಬಿಡಿಸಿಕೊಳ್ಳುತ್ತದೆ. ಎಪ್ಪತ್ತರಲ್ಲಿ ಕಾಣಿಸಿಕೊಂಡ ಅತಿಚುರುಕಿನ ಬೀಜ ಬಿದ್ದದ್ದು ಏಳರ ವಯಸ್ಸಿನ ಊಟದಲ್ಲಿ.

ಇಂಥ ಗಂಟುಳ್ಳ ಹಿರಿಯರಿಗೆ ಒಮ್ಮೆಲೇ ಅಯೋಡಿನ್ ಕೊಟ್ಟರೇನಾಗುತ್ತದೆ? ಕಚ್ಚಾ ಸಾಮಗ್ರಿಯಿಲ್ಲದೆ ತೆಪ್ಪಗಿದ್ದ ಗಂಟಿಗೆ ಸಾಮಗ್ರಿ ಸಿಗುತ್ತದೆ. ಜಿನೀವಾದ ವೈದ್ಯ ಕ್ವಾಂಡೆ 1820ರಲ್ಲಿ ಗಳಗಂಡಕ್ಕೆ ಅಯೋಡಿನ್ ಕೊಡಲಾರಂಭಿಸಿದರು. ಆ ಧಾತು ಕಡಲಪಾಚಿಯ ಬೂದಿಯಲ್ಲಿ ಸಿಕ್ಕು ಆಗಿನ್ನೂ ಒಂಬತ್ತು ವರ್ಷ. ಊತ ಇಳಿಯಿತು. ಆದರೆ ಕೆಲವರಲ್ಲಿ ಎದೆಬಡಿತ ಹೆಚ್ಚಿ ಮೈ ಸೊರಗಿದ್ದನ್ನು ಮರುವರ್ಷ ಬರೆದಿಟ್ಟವರೂ ಅವರೇ. ಇದು ದೊಡ್ಡ ಪ್ರಮಾಣದಲ್ಲಿ ಕಂಡದ್ದು ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದಲ್ಲಿ. 1966ರಲ್ಲಿ ಅಲ್ಲಿಯ ಬ್ರೆಡ್ಡಿಗೆ ಪೊಟ್ಯಾಸಿಯಂ ಅಯೋಡೇಟ್ ಬೆರೆಸಲು ಶುರುಮಾಡಿದರು. ಬ್ರೆಡ್ಡಿನಲ್ಲಿದ್ದದ್ದು ದಿನದ ಅಗತ್ಯದಷ್ಟೇ, ಅತಿಯಲ್ಲ. ಆದರೂ ಥೈರಾಯ್ಡ್ ಅತಿಚುರುಕಿನ ರೋಗಿಗಳು ಏಕಾಏಕಿ ಹೆಚ್ಚಿದರು, ಅದರಲ್ಲೂ ನಲವತ್ತು ದಾಟಿದವರು, ಕೊರಳಲ್ಲಿ ಹಳೆಯ ಗಂಟಿದ್ದವರು. ಕೆಲವು ವರ್ಷಗಳಲ್ಲಿ ಅಲೆ ತಾನಾಗಿ ಇಳಿಯಿತು.

ಡೆನ್ಮಾರ್ಕ್ ಇದನ್ನೆಲ್ಲ ನೋಡಿ ಪಾಠ ಕಲಿತೇ ಹೆಜ್ಜೆಯಿಟ್ಟಿತು. 1998ರಲ್ಲಿ ಐಚ್ಛಿಕವಾಗಿ, 2000ದಿಂದ ಕಡ್ಡಾಯವಾಗಿ, ಅಡುಗೆಮನೆಯ ಉಪ್ಪಿಗೂ ಬೇಕರಿ ಬ್ರೆಡ್ಡಿನ ಉಪ್ಪಿಗೂ ಕಿಲೋಗೆ 13 ಮಿಲಿಗ್ರಾಂ, ಬಹಳ ಎಚ್ಚರದ ಪ್ರಮಾಣ. ಜೊತೆಗೆ ಲಾರ್ಬರ್ಗರ ತಂಡ ಎರಡು ಪ್ರದೇಶಗಳಲ್ಲಿ ಪ್ರತಿಯೊಬ್ಬ ಹೊಸ ಥೈರಾಯ್ಡ್ ರೋಗಿಯ ಲೆಕ್ಕವಿಟ್ಟಿತು. ಅತಿಚುರುಕು ಕೆಲವು ವರ್ಷ ಏರಿ, ಆಮೇಲೆ ಮೊದಲಿದ್ದದ್ದಕ್ಕಿಂತ ಕೆಳಗಿಳಿಯಿತು. ಮಂದಗ್ರಂಥಿ ಮಾತ್ರ ತುಸು ಹೆಚ್ಚಿತು. ಸಾರ್ವಜನಿಕ ಆರೋಗ್ಯದಲ್ಲಿ ಇಷ್ಟು ಪ್ರಾಮಾಣಿಕವಾಗಿ ಲಾಭ ನಷ್ಟ ಎರಡನ್ನೂ ಬರೆದಿಟ್ಟ ಕೆಲಸ ಅಪರೂಪ. ನಮ್ಮಲ್ಲಿ ಯೋಜನೆಯ ಉದ್ಘಾಟನೆಗೆ ಸಿಗುವ ಉತ್ಸಾಹ ಅದರ ಲೆಕ್ಕಕ್ಕೆ ಸಿಗುವುದಿಲ್ಲ.

ಇನ್ನೊಂದು ಬದಿ, ಹೆಚ್ಚಾದ ಅಯೋಡಿನ್ನಿನದು. ಚೀನಾದಲ್ಲಿ ವೈಪಿಂಗ್ ಟೆಂಗ್ ಮತ್ತು ಸಂಗಡಿಗರು ಮೂರು ಊರುಗಳ ಜನರನ್ನು ಐದು ವರ್ಷ ಹಿಂಬಾಲಿಸಿ 2006ರಲ್ಲಿ ವರದಿ ಮಾಡಿದರು. ಮೂತ್ರದ ಅಯೋಡಿನ್ ಲೀಟರಿಗೆ ಒಂದೂರಲ್ಲಿ 84, ಇನ್ನೊಂದರಲ್ಲಿ 243, ಮತ್ತೊಂದರಲ್ಲಿ 651 ಮೈಕ್ರೋಗ್ರಾಂ. ಐದು ವರ್ಷದಲ್ಲಿ ಹೊಸದಾಗಿ ಟಿಎಸ್‌ಎಚ್ ಏರಿದವರು ಮೊದಲ ಊರಲ್ಲಿ ನೂರಕ್ಕೆ 0.2, ಎರಡನೆಯದರಲ್ಲಿ 2.6, ಮೂರನೆಯದರಲ್ಲಿ 2.9. ಅಯೋಡಿನ್ ತುಂಬಿಕೊಂಡ ಗ್ರಂಥಿಯ ಮೇಲೆ ಮೈಯ ರೋಗನಿರೋಧಕ ವ್ಯವಸ್ಥೆಯೇ ತಿರುಗಿಬೀಳುವ ಸಾಧ್ಯತೆ ಹೆಚ್ಚು. ಅದಲ್ಲದೆ ಅಯೋಡಿನ್ ಒಮ್ಮೆಲೇ ನುಗ್ಗಿದಾಗ ಗ್ರಂಥಿ ಹಾರ್ಮೋನು ತಯಾರಿಯನ್ನು ತಾತ್ಕಾಲಿಕವಾಗಿ ನಿಲ್ಲಿಸುತ್ತದೆ. 1948ರಲ್ಲಿ ವೂಲ್ಫ್ ಮತ್ತು ಚೈಕಾಫ್ ಇಲಿಗಳಲ್ಲಿ ಇದನ್ನು ತೋರಿಸಿಕೊಟ್ಟರು. ಆರೋಗ್ಯವಂತ ಗ್ರಂಥಿ ಕೆಲವೇ ದಿನಗಳಲ್ಲಿ ಆ ಬಿಗಿಯಿಂದ ಬಿಡಿಸಿಕೊಳ್ಳುತ್ತದೆ. ಉರಿಯೂತದಿಂದ ಸವೆದ ಹಳೆಯ ಗ್ರಂಥಿಗೆ ಕೆಲವೊಮ್ಮೆ ಆಗುವುದಿಲ್ಲ, ಅದು ಮಂದವಾಗಿಯೇ ಉಳಿಯುತ್ತದೆ.

ಹಾಗಾದರೆ ಅಯೋಡಿನ್ ಉಪ್ಪು ಬೇಡವೇ ಎಂದು ಯಾರಾದರೂ ಕೇಳಬಹುದು. ಬೇಕು, ಖಂಡಿತ ಬೇಕು. ಕೊರತೆಯಿಂದ ಹೊಟ್ಟೆಯಲ್ಲಿರುವ ಮಗುವಿನ ಮಿದುಳಿಗೆ ಆಗುವ ಹಾನಿ ಮತ್ತೆಂದೂ ಸರಿಯಾಗದು. ಹಿರಿಯರಲ್ಲಿ ಟಿಎಸ್‌ಎಚ್ ತುಸು ಏರುವುದನ್ನು ಅದರೆದುರು ತೂಗಲಾಗದು. ನಮ್ಮ ದೇಶದಲ್ಲಿ ಅಯೋಡಿನ್ ಉಪ್ಪಿನ ಪ್ರಯೋಜನವನ್ನು ಸಾಬೀತುಮಾಡಿದವರು ಡಾ. ವಿ. ರಾಮಲಿಂಗಸ್ವಾಮಿ. 1956ರಲ್ಲಿ ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯನ್ನು ಮೂರು ವಲಯ ಮಾಡಿ, ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪು, ಒಂದಕ್ಕೆ ಬರಿಯ ಉಪ್ಪು ಹಂಚಿದರು. ಅಯೋಡಿನ್ ಸಿಕ್ಕ ವಲಯಗಳಲ್ಲಿ ಶಾಲಾಮಕ್ಕಳ ಗಳಗಂಡ ಇಳಿಯಿತು. 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಆದರೆ ಅದು ಬಹುಕಾಲ ಹಿಮಾಲಯದ ಪಟ್ಟಿಗೇ ಸೀಮಿತವಾಗಿತ್ತು. ತಿನ್ನುವ ಉಪ್ಪಿಗೆಲ್ಲ ಅಯೋಡಿನ್ ಸೇರಿಸುವ ಕೆಲಸ ಹಂತಹಂತವಾಗಿ ಆರಂಭವಾದದ್ದು 1986ರಲ್ಲಿ. ಅಯೋಡಿನ್ ಇಲ್ಲದ ಉಪ್ಪಿನ ಮಾರಾಟಕ್ಕೆ 1997ರಲ್ಲಿ ದೇಶವ್ಯಾಪಿ ನಿಷೇಧ, 2000ದಲ್ಲಿ ತೆರವು, 2006ರಲ್ಲಿ ಮತ್ತೆ ಜಾರಿ.

ಈ ಇಸವಿಗಳ ಪಕ್ಕದಲ್ಲಿ ನಿಮ್ಮ ಹುಟ್ಟಿದ ವರ್ಷ ಬರೆದುಕೊಳ್ಳಿ. ಇಲ್ಲಿರುವ ಎಪ್ಪತ್ತರವರು 1950ರ ದಶಕದ ಮಕ್ಕಳು. ಗಾಡಿಯಲ್ಲಿ ತಂದು ಸೇರಿನಲ್ಲಿ ಅಳೆದು ಕೊಡುತ್ತಿದ್ದ ಹರಳುಪ್ಪು ತಿಂದು ಬೆಳೆದವರು, ನಡುವಯಸ್ಸಿನಲ್ಲಿ ಪ್ಯಾಕೆಟ್ಟಿನ ಪುಡಿಯುಪ್ಪಿಗೆ ಬಂದವರು. ಕೊಡಗು, ಚಿಕ್ಕಮಗಳೂರಿನಂಥ ಮಳೆಯ ನಾಡಿನಲ್ಲಿ ಮಣ್ಣಿನ ಅಯೋಡಿನ್ ತೊಳೆದುಹೋಗಿರುತ್ತದೆ; ಅಲ್ಲಿಯ ಸಮೀಕ್ಷೆಗಳಲ್ಲಿ ಗಳಗಂಡ ಕಂಡುಬಂದದ್ದು ಆಶ್ಚರ್ಯವಲ್ಲ. ಅಂದರೆ ನಮ್ಮ ಹಿರಿಯರ ಕೊರಳಲ್ಲಿ ಜಟ್‌ಲೆಂಡ್ ಮತ್ತು ಐಸ್‌ಲೆಂಡ್ ಎರಡೂ ಇವೆ. ಎಳವೆಯ ಕೊರತೆಯ ಗಂಟುಗಳು ಒಬ್ಬರಲ್ಲಿ, ಆಮೇಲಿನ ಸಮೃದ್ಧಿಯ ಮಂದತೆ ಇನ್ನೊಬ್ಬರಲ್ಲಿ. ಬೆಂಗಳೂರೂ ಸೇರಿದಂತೆ ಎಂಟು ನಗರಗಳಲ್ಲಿ 5,376 ವಯಸ್ಕರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತಿರಹತ್ತಿರ ನೂರಕ್ಕೆ ಹನ್ನೊಂದು ಮಂದಿಗೆ ಮಂದಗ್ರಂಥಿಯಿತ್ತು. ಅದಕ್ಕೆಲ್ಲ ಉಪ್ಪೇ ಕಾರಣ ಎಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ವಂಶ, ಲಿಂಗ, ವಯಸ್ಸು, ಪರೀಕ್ಷೆ ಮಾಡಿಸುವವರ ಹೆಚ್ಚಳ ಎಲ್ಲವೂ ಸೇರಿವೆ.

ಈಗ ಬಹಳ ಜನರನ್ನು ಕಾಡುವ ಪ್ರಶ್ನೆಗೆ ಬರೋಣ. ‘ಡಾಕ್ಟ್ರೇ, ವಯಸ್ಸು ಎಪ್ಪತ್ತೆಂಟು, ಟಿಎಸ್‌ಎಚ್ ಆರು ಬಂದಿದೆ, ಲ್ಯಾಬಿನವರು ಕೆಂಪಕ್ಷರದಲ್ಲಿ ಹಾಕಿದ್ದಾರೆ.’ ಲ್ಯಾಬಿನ ಮಿತಿ ನಾಲ್ಕೂವರೆಯೋ ಐದೋ ಇರುತ್ತದೆ, ಇಪ್ಪತ್ತರವರಿಗೂ ಎಂಬತ್ತರವರಿಗೂ ಅದೇ. ಅಮೆರಿಕದಂಥ ಅಯೋಡಿನ್ ಸಾಕಷ್ಟಿರುವ ದೇಶದಲ್ಲಿ, ಥೈರಾಯ್ಡ್ ರೋಗವಿಲ್ಲದ ಸಾವಿರಾರು ಜನರ ಅಂಕಿಗಳನ್ನು ವಯಸ್ಸಿನ ಪ್ರಕಾರ ವಿಂಗಡಿಸಿದಾಗ, ಇಪ್ಪತ್ತರ ಹರೆಯದವರಲ್ಲಿ ಟಿಎಸ್‌ಎಚ್‌ನ ಮೇಲ್ಮಿತಿ 3.6ರ ಸುಮಾರು ಇತ್ತು, ಎಂಬತ್ತು ದಾಟಿದವರಲ್ಲಿ 7.5ರ ಸುಮಾರು. ವಯಸ್ಸಾದಂತೆ ಗ್ರಂಥಿ ಅಯೋಡಿನ್ ಹಿಡಿಯುವುದೂ ಕಡಿಮೆ, ಹಾರ್ಮೋನು ತಯಾರಿಸುವುದೂ ಕಡಿಮೆ. ಜೊತೆಗೆ ಮೈ ಹಾರ್ಮೋನನ್ನು ಖರ್ಚುಮಾಡುವುದೂ ನಿಧಾನ. ಯೌವನದಲ್ಲಿ ಏಳು ದಿನಕ್ಕೆ ಅರ್ಧವಾಗುವ ಥೈರಾಕ್ಸಿನ್ ಎಂಬತ್ತರಲ್ಲಿ ಒಂಬತ್ತು ದಿನ ತೆಗೆದುಕೊಳ್ಳುತ್ತದೆ. ಆದಾಯ ವೆಚ್ಚ ಎರಡೂ ಇಳಿದು ರಕ್ತದಲ್ಲಿ ಟಿ-4 ಬಹುಮಟ್ಟಿಗೆ ಇದ್ದಷ್ಟೇ ಇರುತ್ತದೆ. ಅಯೋಡಿನ್ ಕೊರತೆಯ ಊರುಗಳಲ್ಲಾದರೋ ವಯಸ್ಸಿನೊಂದಿಗೆ ಟಿಎಸ್‌ಎಚ್ ಇಳಿಯುತ್ತದೆ, ಕಾರಣ ಆಗಲೇ ಹೇಳಿದ ಗಂಟುಗಳು.

ಹಾಗೆ ತುಸು ಏರಿದ ಟಿಎಸ್‌ಎಚ್‌ಗೆ ಮಾತ್ರೆ ಕೊಟ್ಟರೆ ಲಾಭವಿದೆಯೇ? ಯುರೋಪಿನಲ್ಲಿ 65 ದಾಟಿದ 737 ಮಂದಿಗೆ, ಅರ್ಧ ಜನಕ್ಕೆ ಥೈರಾಕ್ಸಿನ್, ಅರ್ಧ ಜನಕ್ಕೆ ಬರಿಯ ಹುಸಿಮಾತ್ರೆ ಕೊಟ್ಟು ನೋಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಸುಸ್ತಿನಲ್ಲಾಗಲಿ, ಇತರ ಲಕ್ಷಣಗಳಲ್ಲಾಗಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಅದಕ್ಕೂ ಮೊದಲು, 2004ರಲ್ಲಿ, ನೆದರ್‌ಲೆಂಡ್ಸಿನ ಲೈಡನ್ ಊರಿನ 85 ವರ್ಷದವರನ್ನು ಹಿಂಬಾಲಿಸಿದವರು ಇನ್ನೂ ಅಚ್ಚರಿಯ ಸಂಗತಿ ಹೇಳಿದ್ದರು: ಗ್ರಂಥಿ ಮಂದವಾಗಿದ್ದವರೇ ಹೆಚ್ಚು ಕಾಲ ಬದುಕಿದರು. ಹಾಗಂತ ಹೋಗಿ ಮಾತ್ರೆ ಬಿಡಬೇಡಿ! ಟಿಎಸ್‌ಎಚ್ ಹತ್ತು ದಾಟಿದವರ, ಟಿ-4 ನಿಜವಾಗಿ ಇಳಿದವರ, ಗ್ರಂಥಿ ತೆಗೆಸಿಕೊಂಡವರ ಮಾತೇ ಬೇರೆ. ಆರೋ ಏಳೋ ಬಂದ ವೃದ್ಧರಿಗೆ ಎರಡು ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಪರೀಕ್ಷಿಸುವುದೇ ಎಷ್ಟೋ ಸಲ ಸರಿಯಾದ ಚಿಕಿತ್ಸೆ. ಕೆಂಪಕ್ಷರಕ್ಕೆ ಹೆದರಿ ಚೀಟಿ ಬರೆಯುವ ನನ್ನ ವೃತ್ತಿಬಾಂಧವರ ಆತುರ ನನಗೆ ಹಿಡಿಸುವುದಿಲ್ಲ.

ನನಗೆ ಹೆಚ್ಚು ಆತಂಕ ಹುಟ್ಟಿಸುವುದು ತಗ್ಗಿದ ಟಿಎಸ್‌ಎಚ್. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದಲ್ಲಿ ಅರವತ್ತು ದಾಟಿದವರನ್ನು ಹತ್ತು ವರ್ಷ ನೋಡಿದಾಗ, ಟಿಎಸ್‌ಎಚ್ ತೀರಾ ತಗ್ಗಿದ್ದವರಲ್ಲಿ ಹೃದಯದ ಬಡಿತ ತಾಳತಪ್ಪುವ ತೊಂದರೆ ಮೂರು ಪಟ್ಟು ಹೆಚ್ಚಿತ್ತು. ಆ ತೊಂದರೆಯಿಂದ ರಕ್ತ ಹೆಪ್ಪುಗಟ್ಟಿ ಲಕ್ವ ಹೊಡೆಯಬಹುದು. ಹೆಚ್ಚಿದ ಹಾರ್ಮೋನಿನಿಂದ ಮೂಳೆಯೂ ಟೊಳ್ಳಾಗುತ್ತದೆ. ಮೇಲಾಗಿ ಮುದುಕರಲ್ಲಿ ಅತಿಚುರುಕು ಚುರುಕಾಗಿ ಕಾಣುವುದಿಲ್ಲ. ಕೈನಡುಕ, ಬೆವರು, ಕಣ್ಣುಗುಡ್ಡೆ ಮುಂದೆ ಬರುವುದು ಹರೆಯದವರ ಲಕ್ಷಣ. ಎಪ್ಪತ್ತೈದರ ಅಜ್ಜಿ ಸುಮ್ಮನೆ ಮಂಕಾಗುತ್ತಾಳೆ, ಊಟ ಸೇರದು, ಸೀರೆ ಸಡಿಲವಾಗುತ್ತದೆ. ಮನೆಯವರು ವಯಸ್ಸಾಯಿತಲ್ಲ ಎನ್ನುತ್ತಾರೆ. ಕಾರಣವಿಲ್ಲದೆ ತೂಕ ಇಳಿದ ಹಿರಿಯರಿಗೆ ಒಂದು ಟಿಎಸ್‌ಎಚ್ ಮಾಡಿಸಿ, ಕೊರಳನ್ನೊಮ್ಮೆ ಮುಟ್ಟಿನೋಡಿ.

ಉಪ್ಪಿನಿಂದಲ್ಲದೆ ಹಿರಿಯರಿಗೆ ಅಯೋಡಿನ್ ಬರುವ ದಾರಿ ಆಸ್ಪತ್ರೆ. ಹೃದಯ ಬಡಿತ ತಿದ್ದಲು ಕೊಡುವ ಅಮಿಯೊಡರೋನ್ ಮಾತ್ರೆ 200 ಮಿಲಿಗ್ರಾಂ ಇದ್ದರೆ ಅದರಲ್ಲಿ ಸುಮಾರು 75 ಮಿಲಿಗ್ರಾಂ ಅಯೋಡಿನ್ನೇ. ಅದರಿಂದ ದಿನಕ್ಕೆ ಆರು ಮಿಲಿಗ್ರಾಮಿನಷ್ಟು ಮೈಗೆ ಬಿಡುಗಡೆಯಾಗುತ್ತದೆ, ವಯಸ್ಕರಿಗೆ ಬೇಕಾದ 150 ಮೈಕ್ರೋಗ್ರಾಮಿನ ನಲವತ್ತು ಪಟ್ಟು. ಸಿ.ಟಿ. ಸ್ಕ್ಯಾನಿಗೆ, ಆಂಜಿಯೋಗ್ರಾಮಿಗೆ ರಕ್ತನಾಳಕ್ಕೆ ಕೊಡುವ ಕಾಂಟ್ರಾಸ್ಟ್ ದ್ರವದಲ್ಲಿ ಒಂದು ಸಲಕ್ಕೇ ಮೂವತ್ತು ಗ್ರಾಮಿನಷ್ಟು ಅಯೋಡಿನ್ ಇರಬಹುದು. ಬಹುಪಾಲು ಹಾಗೇ ಮೂತ್ರದಲ್ಲಿ ಹೋಗುತ್ತದೆ, ಆದರೆ ಬಿಡಿಯಾಗಿ ಉಳಿಯುವ ಅಲ್ಪಾಂಶವೂ ಗಂಟಿದ್ದ ಗ್ರಂಥಿಗೆ ಬಹಳ. ಸ್ಕ್ಯಾನು ಬೇಡವೆಂದಲ್ಲ, ಕೊರಳಲ್ಲಿ ಗಂಟಿದ್ದರೆ ಮೊದಲೇ ಹೇಳಿ, ಕೆಲವು ವಾರಗಳ ನಂತರ ರಕ್ತಪರೀಕ್ಷೆ ಮಾಡಿಸಿ. ಕಡಲಪಾಚಿಯ ಕೆಲ್ಪ್ ಮಾತ್ರೆಗಳನ್ನು ಮಕ್ಕಳು ಹೊರದೇಶದಿಂದ ತಂದುಕೊಟ್ಟರೆ ಪ್ರೀತಿಯಿಂದ ತೆಗೆದುಕೊಂಡು ಕಪಾಟಿನಲ್ಲಿಡಿ, ನುಂಗಬೇಡಿ.

ಇನ್ನು ಉಪ್ಪು. ಅಯೋಡಿನ್ ಇಲ್ಲದ ನೈಸರ್ಗಿಕ ಉಪ್ಪು ಒಳ್ಳೆಯದೆಂದು ಸೈಂಧವ ಲವಣಕ್ಕೆ ಹೋದವರು ಈಗ ಅನೇಕರು. ಕಡಲ ಉಪ್ಪಿನಲ್ಲಿ ಅಯೋಡಿನ್ ತಾನಾಗಿ ಇದ್ದೇ ಇರುತ್ತದೆಂದೂ ಹೇಳುವವರಿದ್ದಾರೆ. ಲೆಕ್ಕ ಹಾಕೋಣ. ಒಂದು ಲೀಟರ್ ಕಡಲ ನೀರಿನಲ್ಲಿ ಅಯೋಡಿನ್ 60 ಮೈಕ್ರೋಗ್ರಾಮಿನೊಳಗೆ, ಲವಣ 35 ಗ್ರಾಂ. ಸಾಣಿಕಟ್ಟೆಯ ಉಪ್ಪಿನ ಆಗರದಲ್ಲಿ ನೀರು ಆರುವಾಗ ಒಂದು ಕಣವೂ ಹೋಗದೆ ಉಳಿಯಿತೆಂದೇ ಇಟ್ಟುಕೊಂಡರೂ, ಐದು ಗ್ರಾಂ ಉಪ್ಪಿನಲ್ಲಿ ಸಿಗುವುದು ಎಂಟೊಂಬತ್ತು ಮೈಕ್ರೋಗ್ರಾಂ. ನಿಜದಲ್ಲಿ ಅಷ್ಟೂ ಉಳಿಯದು. ಅಯೋಡಿನ್ ಬೆರೆಸಿದ ಉಪ್ಪು ಅಂಗಡಿಗೆ ಬಂದಾಗ ಕಿಲೋಗೆ ಕನಿಷ್ಠ 15 ಮಿಲಿಗ್ರಾಂ ಇರಬೇಕೆಂಬುದು ಕಾನೂನು. ಐದು ಗ್ರಾಮಿಗೆ 75 ಮೈಕ್ರೋಗ್ರಾಂ. ಉಳಿದದ್ದು ಹಾಲು, ಮೊಸರು, ಮೊಟ್ಟೆ, ಮೀನಿನಿಂದ ಬರಬೇಕು. ಬಿ.ಪಿ. ಇರುವವರು ಉಪ್ಪು ಇಳಿಸಲೇಬೇಕು, ಆದರೆ ಇಳಿಸಿದ ಉಪ್ಪು ಅಯೋಡಿನ್ ಉಳ್ಳದ್ದೇ ಆಗಿರಲಿ, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿರಲಿ. ಮಂದಗ್ರಂಥಿಗೆ ಮಾತ್ರೆ ನುಂಗುವವರು ಅಯೋಡಿನ್ ಉಪ್ಪು ಬಿಡಬೇಕಾಗಿಲ್ಲ. ಬಿಟ್ಟರೆ ಗ್ರಂಥಿ ಮರಳಿ ಚಿಗುರುತ್ತದೆಂಬ ಭರವಸೆಯೂ ಬೇಡ. ಮನೆಯಲ್ಲಿ ಬಸುರಿ ಸೊಸೆಯಿದ್ದು ಅತ್ತೆಯ ಥೈರಾಯ್ಡಿಗೆಂದು ಎಲ್ಲರಿಗೂ ಉಪ್ಪು ಬದಲಿಸಿದರಂತೂ ಅದು ಅನ್ಯಾಯ. ಥೈರಾಯ್ಡ್ ಮಾತ್ರೆಯನ್ನು ಫಿಲ್ಟರ್ ಕಾಫಿಯ ಜೊತೆ ನುಂಗುವ ಅಭ್ಯಾಸ ಮಾತ್ರ ಬಿಡಿ, ಕಾಫಿ ಅದನ್ನು ಸರಿಯಾಗಿ ಹೀರಿಕೊಳ್ಳಲು ಬಿಡುವುದಿಲ್ಲ.

ಕೊನೆಗೆ ಒಂದು ಒತ್ತಾಯ, ಇದು ಸಭಿಕರಿಗಲ್ಲ, ಯೋಜನೆ ಮಾಡುವವರಿಗೆ. 2018–19ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ನೂರಕ್ಕೆ 76 ಮನೆಗಳಲ್ಲಿ ಸಾಕಷ್ಟು ಅಯೋಡಿನ್ ಇರುವ ಉಪ್ಪಿತ್ತು. ನಮ್ಮಲ್ಲಿ ಗಳಗಂಡಕ್ಕೆಂದು ವಾಡಿಕೆಯಾಗಿ ಮುಟ್ಟಿನೋಡುವುದು ಶಾಲಾಮಕ್ಕಳ ಕೊರಳನ್ನು, ಮೂತ್ರದ ಅಯೋಡಿನ್ ಅಳೆಯುವುದು ಮಕ್ಕಳಲ್ಲಿ ಮತ್ತು ಹೆರುವ ವಯಸ್ಸಿನ ಹೆಂಗಸರಲ್ಲಿ. ಅದು ಸರಿಯೇ, ಅಪಾಯ ಅವರಿಗೇ ಹೆಚ್ಚು. ಆದರೆ ಉಪ್ಪಿನಲ್ಲಿ ಎಷ್ಟು ಅಯೋಡಿನ್ ಇರಬೇಕೆಂಬ ತೀರ್ಮಾನ ಮನೆಯ ಎಲ್ಲರ ಕೊರಳಿಗೂ ಇಳಿಯುತ್ತದೆ. ಉಪ್ಪು ಕಡಿಮೆ ತಿನ್ನಿ ಎಂದು ಒಂದು ಇಲಾಖೆ, ಉಪ್ಪಿನಿಂದಲೇ ಅಯೋಡಿನ್ ಪಡೆಯಿರಿ ಎಂದು ಇನ್ನೊಂದು ಕಾರ್ಯಕ್ರಮ ಹೇಳುವಾಗ ಪ್ರಮಾಣವನ್ನು ಆಗಾಗ ತಿದ್ದಬೇಕಾಗುತ್ತದೆ, ಡೆನ್ಮಾರ್ಕಿನಲ್ಲಿಟ್ಟಂಥ ಲೆಕ್ಕವಿಲ್ಲದೆ ಅದನ್ನು ತಿದ್ದಲಾಗದು. ಮುಂದಿನ ಸಮೀಕ್ಷೆಯ ತಂಡ ಮಡಿಕೇರಿಯಲ್ಲೋ ಮೂಡಿಗೆರೆಯಲ್ಲೋ ಮನೆಯೊಳಗೆ ಬಂದಾಗ ಸೊಸೆಯ, ಮೊಮ್ಮಗಳ ಮೂತ್ರದ ಬಾಟಲಿಯ ಜೊತೆ ಅಜ್ಜ ಅಜ್ಜಿಯದೂ ಒಂದೊಂದು ಬಾಟಲಿ ತೆಗೆದುಕೊಳ್ಳಲಿ. ಅದಕ್ಕೆ ಹೆಚ್ಚಿನ ಖರ್ಚೇನೂ ಆಗುವುದಿಲ್ಲ.